ನಾಲ್ಕು ನಿಮಿಷದ ಬಿಷಪ್

ನಾನು ಬಿಷಪ್ ಆಗಿದ್ದವನು. ನಗಬೇಡಿ. ನಾಲ್ಕೇ ನಾಲ್ಕು ನಿಮಿಷ, ಅದೂ ಕೀಲಿಕೈ ಮಾಡುವವನ ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು. ಆದರೆ ಆ ನಾಲ್ಕು ನಿಮಿಷದಲ್ಲಿ, ಆರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರನ್ನು ಒಂದು ಮಾಡಿಬಿಟ್ಟೆ. ಸಿನಿಮಾದಲ್ಲಾದರೆ ಇದೇ ಕೆಲಸಕ್ಕೆ ಹೀರೋ ಇಪ್ಪತ್ತು ಜನರನ್ನು ಹೊಡೆಯಬೇಕು, ಎರಡು ಹಾಡು ಹಾಡಬೇಕು, ಅಮ್ಮನ ಆಣೆ ಇಡಬೇಕು. ನಾನು ಒಂದೇ ಫೋನಿನಲ್ಲಿ ಮುಗಿಸಿದೆ. ಸೀಟಿ ಹೊಡೆಯುವವರು ಈಗಲೇ ಹೊಡೆದುಬಿಡಿ. ಆಮೇಲೆ ಕಣ್ಣೊರೆಸಿಕೊಳ್ಳುವ ಕೆಲಸ ಇರುತ್ತದೆ.

ಮೊದಲು ಲೊಕೇಶನ್ ನೋಡಿಕೊಳ್ಳಿ. ನಮ್ಮದು ಕ್ಷೌರದಂಗಡಿ. ಎರಡು ಕುರ್ಚಿ. ಒಂದು ಅಪ್ಪನದು. ಇನ್ನೊಂದು ಚಿಕ್ಕಪ್ಪನದಾಗಿತ್ತು, ಈಗ ನನ್ನದು. ಚಿಕ್ಕಪ್ಪ ಬಿಟ್ಟುಹೋದಮೇಲೆ ಆ ಕುರ್ಚಿ ಎಡಕ್ಕೆ ತಿರುಗುವುದಿಲ್ಲ. ಅದಕ್ಕೂ ಮುನಿಸು. ಗೋಡೆಗೆ ಉದ್ದ ಕನ್ನಡಿ, ಕನ್ನಡಿಯ ಮೇಲೆ ಶಿಲುಬೆ, ಅದರ ಪಕ್ಕದಲ್ಲಿ ತಾತನ ಫೋಟೊ. ಫೋಟೊದಲ್ಲಿ ಮೊದಲು ಕಾಣುವುದು ಮೀಸೆ. ತಾತ ಅದರ ಹಿಂದೆ ಎಲ್ಲೋ ಇದ್ದಾನೆ. ಅಪ್ಪನಿಗೂ ಅದೇ ಮೀಸೆ, ತುದಿಯಲ್ಲಿ ಅದೇ ತಿರುವು. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮೊದಲ ಗಿರಾಕಿ ಆ ಮೀಸೆಯೇ.

ಜಗಳ ಶುರುವಾಗಿದ್ದೂ ಮೀಸೆಯಿಂದಲೇ. ತಾತ ತೀರಿಕೊಂಡ ದಿನ ಅವನಿಗೆ ಕೊನೆಯ ಕ್ಷೌರ ಮಾಡಿ ಪೆಟ್ಟಿಗೆಯಲ್ಲಿ ಮಲಗಿಸಬೇಕಿತ್ತು. ಮನೆಯಲ್ಲಿ ಇಬ್ಬರು ಕ್ಷೌರಿಕರಿರುವಾಗ ಹೊರಗಿನವರನ್ನು ಕರೆಯುತ್ತಾರೆಯೇ? ಮಾಡಿದ್ದು ಚಿಕ್ಕಪ್ಪ. ಅವನು ಅಳುತ್ತ ಅಳುತ್ತ ಕತ್ತರಿ ಆಡಿಸಿದಾಗ ಎಡಗಡೆ ಮೀಸೆ ಒಂದಿಷ್ಟು ಜಾಸ್ತಿ ಹೋಯಿತು. ಸರಿಮಾಡಲು ಬಲಗಡೆ ಒಂದಿಷ್ಟು ತೆಗೆದ. ಅದು ಜಾಸ್ತಿಯಾಯಿತು. ಮತ್ತೆ ಎಡಗಡೆ. ಕೊನೆಗೆ ನಲವತ್ತು ವರ್ಷದ ಮೀಸೆ ಟವೆಲಿನ ಮೇಲಿತ್ತು, ತಾತ ಬೋಳು ತುಟಿಯಲ್ಲಿ ಮಲಗಿದ್ದ. ಅಪ್ಪ ಒಳಗೆ ಬಂದು ನೋಡಿ ಒಂದೇ ಡೈಲಾಗ್ ಹೇಳಿದ: "ಇದು ಯಾರು? ನಮ್ಮಪ್ಪ ಎಲ್ಲಿ?"

ಅಷ್ಟೇ, ಇಂಟರ್ವೆಲ್. ಚಿಕ್ಕಪ್ಪ ತನ್ನ ಕತ್ತರಿಗಳನ್ನು ಸುತ್ತಿಕೊಂಡು ಹೋಗಿ ರಸ್ತೆಯ ಆಚೆ ಬದಿಯಲ್ಲಿ, ಸರಿಯಾಗಿ ನಮ್ಮೆದುರಿಗೇ ಅಂಗಡಿ ಹಾಕಿದ. ಇಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಶಟರ್ ಎತ್ತುತ್ತಿದ್ದರು. ಇಬ್ಬರೂ ಆಕಾಶ ನೋಡುತ್ತಿದ್ದರು. ಆರು ವರ್ಷದಲ್ಲಿ ಆಕಾಶವನ್ನು ಅಷ್ಟು ನೋಡಿದವರು ವಿಮಾನ ಓಡಿಸುವವರೂ ಇರಲಿಕ್ಕಿಲ್ಲ.

ಈಗ ಚಿಕ್ಕಪ್ಪನ ಮಗಳು ಪುಟ್ಟಿಯ ಮದುವೆ ಗೊತ್ತಾಗಿತ್ತು. ಕೂಸಾಗಿದ್ದಾಗ ಚರ್ಚಿನಲ್ಲಿ ಅವಳ ಜ್ಞಾನಸ್ನಾನದ ದಿನ ಎತ್ತಿ ಹಿಡಿದುಕೊಂಡು, ಈ ಮಗುವಿನ ವಿಶ್ವಾಸಕ್ಕೆ ನಾನು ಹೊಣೆ ಎಂದು ಮಾತು ಕೊಟ್ಟವನು ನಮ್ಮಪ್ಪ. ಅವಳಿಗೆ ದೊಡ್ಡಪ್ಪನೂ ಹೌದು, ಜ್ಞಾನಪಿತನೂ ಹೌದು. ಮದುವೆಗೆ ಹತ್ತು ದಿನ ಇದೆ ಎನ್ನುವಾಗ ಅವಳೇ ಮದುವೆ ಕಾಗದ ಹಿಡಿದುಕೊಂಡು ಬಂದಳು.

"ದೊಡ್ಡಪ್ಪಾ, ಬರ್ತೀಯ ತಾನೆ?"

ಅಪ್ಪ ಗಿರಾಕಿಯ ಕಿವಿ ಮಡಿಸಿ ಹಿಡಿದು, "ಕೂದಲು ಬೀಳತ್ತೆ, ಆ ಕಡೆ ಸರ್ಕೊಂಡು ನಿಂತ್ಕೋ ಪುಟ್ಟಿ" ಎಂದ. ಕಾಗದವನ್ನು ಬಾಚಣಿಗೆ ಡಬ್ಬದ ಕೆಳಗಿಟ್ಟ. ಮತ್ತೆ ಕಿವಿ ಮಡಿಸಿದ.

ಹೊರಗೆ ಬಂದು ಪುಟ್ಟಿ ನನ್ನ ತೋಳು ಚಿವುಟಿದಳು. "ಅಣ್ಣಾ, ದೊಡ್ಡಪ್ಪ ಬರದಿದ್ರೂ ಮದುವೆ ಆಗ್ತೀನಿ, ಅದೇನು ನಿಲ್ಲಲ್ಲ. ಆದ್ರೆ ಎಲ್ಲಾ ಫೋಟೋದಲ್ಲೂ ನಾನು ಬಾಗಿಲ ಕಡೆ ನೋಡ್ತಿರ್ತೀನಿ. ಮೊಮ್ಮಕ್ಕಳು ಕೇಳ್ತಾರೆ, ಅಜ್ಜಿ ಓಡೋಗೋಕೆ ನೋಡ್ತಿದ್ಲಾ ಅಂತ. ನೀನೇ ಉತ್ತರ ಕೊಡು."

"ಚಿಂತೆ ಬಿಡು ತಂಗಿ. ಈ ಅಣ್ಣ ಅಖಾಡಕ್ಕೆ ಇಳಿದ್ರೆ ಕ್ಲೈಮ್ಯಾಕ್ಸ್ ಬದಲಾಗತ್ತೆ."

"ನೀನು ಇಳಿದ್ರೆ ಥಿಯೇಟರ್ ಖಾಲಿಯಾಗತ್ತೆ" ಎಂದು ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ಈಗ ಬಿಷಪ್ಪರ ಎಂಟ್ರಿ. ಇಲ್ಲಿನ ಚರ್ಚುಗಳಿಗೆಲ್ಲ, ಗುರುಗಳಿಗೆಲ್ಲ ಹಿರಿಯರು. ಆದರೆ ಎಂಟ್ರಿಗೆ ಕಾರಿಲ್ಲ, ಹಿನ್ನೆಲೆ ಸಂಗೀತವಿಲ್ಲ. ತಿಂಗಳಿಗೊಂದು ಗುರುವಾರ, ಒಂದು ಕಪ್ಪು ಕೊಡೆ ಊರಿಕೊಂಡು ನಡೆದೇ ನಮ್ಮ ಅಂಗಡಿಗೆ ಬರುತ್ತಾರೆ. ಅವರ ತಲೆಯಲ್ಲಿರುವುದು ಹನ್ನೊಂದು ಕೂದಲು. ಕತ್ತರಿಸುವುದಕ್ಕಿಂತ ಹುಡುಕುವುದಕ್ಕೇ ಹೊತ್ತು ಬೇಕು. ಅಪ್ಪ ಕುರ್ಚಿ ಒರೆಸಿ "ಬನ್ನಿ ಸ್ವಾಮಿ" ಎಂದರೆ ಅವರು ಬೆಂಚಿನ ಕಡೆ ನೋಡಿ ಕೇಳುತ್ತಾರೆ: "ಯಾರದು ಸರದಿ?" ಮೂಟೆ ಹೊರುವವನಿರಲಿ, ಶಾಲೆ ತಪ್ಪಿಸಿ ಬಂದ ಪೋರನಿರಲಿ, ಅವರದು ಮುಗಿಯುವ ತನಕ ಬೆಂಚಿನ ತುದಿಯಲ್ಲಿ ಕೂತು, ಮುಖಪುಟ ಹರಿದ ನನ್ನ ಸಿನಿಮಾ ಪತ್ರಿಕೆ ಓದುತ್ತಾರೆ. ಒಮ್ಮೆ ನನ್ನನ್ನೇ ಕೇಳಿದರು, "ಈ ಹೀರೋ ಹೋದ ತಿಂಗಳೂ ಇದೇ ಅಂಗಿ ಹಾಕಿದ್ನಲ್ಲ ಮಗು?" ಪತ್ರಿಕೆಯೇ ಹೋದ ತಿಂಗಳದ್ದು ಸ್ವಾಮಿ ಎಂದು ನಾನು ಹೇಳಲಿಲ್ಲ.

ಅವರು ಬರತೊಡಗಿದ ಮೇಲೆ ನಮ್ಮ ಅಂಗಡಿಯಲ್ಲಿ ಯಾರೂ ನುಗ್ಗುವುದಿಲ್ಲ. ಪಕ್ಕದ ಅಂಗಡಿಯ ಕೀಲಿಕೈ ಮಾವ, "ಒಂದ್ನಿಮಿಷ, ಗಡ್ಡ ಮಾತ್ರ" ಎಂದು ಎಲ್ಲರ ತಲೆಯ ಮೇಲೆ ಹಾರಿ ಕುರ್ಚಿಗೆ ಬೀಳುತ್ತಿದ್ದವನು, ಈಗ ಬೆಂಚಿನಲ್ಲಿ ಕೂತು ಕಾಲು ಕುಣಿಸುತ್ತಾನೆ. ಕೇಳಿದರೆ "ಬಿಷಪ್ಪರೇ ಕಾಯ್ತಾರಂತೆ, ನನ್ನದೇನು ಕಿತ್ತೋಗತ್ತೆ" ಎನ್ನುತ್ತಾನೆ.

ಬಿಷಪ್ಪರಿಗೆ ಇನ್ನೊಂದು ರೂಢಿ ಇತ್ತು. ಕಾಯಿಲೆಯವರು, ಗಂಡ ಸತ್ತವರು, ಚರ್ಚಿಗೆ ಬರುವುದು ಬಿಟ್ಟವರು, ಇಂಥವರಿಗೆಲ್ಲ ಮಧ್ಯಾಹ್ನ ತಾವೇ ಫೋನ್ ಮಾಡುತ್ತಿದ್ದರು. ಬಿಷಪ್ ಎಂದು ಹೇಳಿಕೊಳ್ಳುತ್ತಿರಲಿಲ್ಲ. ಒಂದು ಸಣ್ಣ ಕೆಮ್ಮು, ಆಮೇಲೆ, "ಮುದುಕ ಮಾತಾಡ್ತಿದ್ದೀನಿ ಮಗು. ಊಟ ಆಯ್ತಾ?" ಇಷ್ಟೇ. ಈ ಕೆಮ್ಮು ಸಮೇತ ಅವರ ದನಿಯನ್ನು ನಾನು ಎಷ್ಟು ಚೆನ್ನಾಗಿ ತೆಗೆಯುತ್ತಿದ್ದೆನೆಂದರೆ, ಒಮ್ಮೆ ಕೀಲಿಕೈ ಮಾವ ಊಟದ ಡಬ್ಬಿ ಬಿಟ್ಟು ಎದ್ದು ನಿಂತಿದ್ದ. ಈಗ ನನ್ನ ಪ್ಲಾನ್ ನಿಮಗೆ ಗೊತ್ತಾಗಿರಬೇಕು.

ಗುರುವಾರ ಮಧ್ಯಾಹ್ನ ಎರಡು ಗಂಟೆ. ಅಂಗಡಿಯಲ್ಲಿ ಅಪ್ಪ ಒಬ್ಬನೇ. ನಾನು ಕೀಲಿಕೈ ಮಾವನ ಸ್ಟೂಲಿನ ಮೇಲೆ. ಅಲ್ಲಿಂದ ನಮ್ಮ ಅಂಗಡಿಯ ಗಾಜಿನ ಬಾಗಿಲು ಓರೆಯಾಗಿ ಕಾಣುತ್ತದೆ.

"ಬೇಡ ಕಣೋ. ಸಿಕ್ಕಿಬಿದ್ರೆ ನಿಮ್ಮಪ್ಪ ಕತ್ತಿ ಮಸೆಯೋ ಬೆಲ್ಟಲ್ಲಿ ನಿನ್ನ ಮಸೀತಾನೆ" ಎಂದ ಮಾವ.

"ಹೆದರೋರು ಟಿಕೆಟ್ ವಾಪಸ್ ಕೊಟ್ಟು ಹೋಗ್ಬಹುದು ಮಾವ. ಫೋನ್ ಕೊಡು."

ನಮ್ಮ ಅಂಗಡಿಯ ಫೋನ್ ಬಡಿದುಕೊಂಡಿತು. ಅಪ್ಪ ಎತ್ತಿದ. ನಾನು ಕೆಮ್ಮಿದೆ. "ಮುದುಕ ಮಾತಾಡ್ತಿದ್ದೀನಿ ಮಗು. ಊಟ ಆಯ್ತಾ?"

ಗಾಜಿನ ಆಚೆ ಅಪ್ಪ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು ಏಪ್ರನ್ನಿನ ಗಂಟು ಬಿಚ್ಚಿದ. ಏಪ್ರನ್ ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟ. ಕನ್ನಡಿ ನೋಡಿ ತಲೆ ಸವರಿಕೊಂಡ. ಫೋನಿನಲ್ಲಿ ಮಾತಾಡುವುದಕ್ಕೆ!

ಆಗ ನಾನು ಬಿಟ್ಟೆ ನೋಡಿ ಡೈಲಾಗು. "ಮಗು, ಮೀಸೆ ಮಣ್ಣಾಗತ್ತೆ. ತಮ್ಮ ಮಣ್ಣಾಗೋ ಮೊದಲು ಹೋಗಿ ಅಪ್ಕೋ. ಇದು ನನ್ನ ಅಪ್ಪಣೆ." ಅಪ್ಪ ಕೈ ಮುಗಿದು "ಆಗಲಿ ಸ್ವಾಮಿ" ಎಂದ. ನಾಲ್ಕು ನಿಮಿಷ. ಕಟ್. ಓಕೆ.

ಶನಿವಾರ ಸಂಜೆ ಆರಕ್ಕೆ ಅಪ್ಪ ರಸ್ತೆ ದಾಟಿದ. ನಾನು ಹಿಂದೆಯೇ ಓಡಿದೆ. ಚಿಕ್ಕಪ್ಪನ ಅಂಗಡಿಯಲ್ಲಿ ಒಬ್ಬ ಕುರ್ಚಿಯಲ್ಲಿದ್ದ, ಬೆಂಚಿನಲ್ಲಿ ಮೂವರು. ಅಪ್ಪ ಒಳಗೆ ಹೋದ ಕೂಡಲೇ ಚಿಕ್ಕಪ್ಪನ ಕತ್ತರಿ ಗಾಳಿಯಲ್ಲೇ ನಿಂತಿತು. ಕುರ್ಚಿಯಲ್ಲಿದ್ದವನು ಅರ್ಧ ತಲೆಯಲ್ಲೇ ಎದ್ದು, "ಬನ್ನಿ ಅಣ್ಣ, ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದ. ಇಡೀ ರಸ್ತೆಗೆ ವಿಷಯ ಗೊತ್ತಿತ್ತಲ್ಲ.

"ಬೇಡ. ನನ್ನ ಸರದಿ ಬರಲಿ" ಎಂದು ಅಪ್ಪ ಬೆಂಚಿನ ತುದಿಯಲ್ಲಿ ಕೂತ.

ಒಂದು ಗಂಟೆ ಕೂತ. ಚಿಕ್ಕಪ್ಪ ಆ ದಿನ ಮಾಡಿದ ಕ್ಷೌರಗಳನ್ನು ನೋಡಬೇಕಿತ್ತು ನೀವು, ಒಬ್ಬನ ಕೆನ್ನೆಯ ಕೃದಾ ದವಡೆಯ ಹತ್ತಿರ, ಇನ್ನೊಬ್ಬನದು ಆಕಾಶದಲ್ಲಿ. ಕೆಲಸ ಮುಗಿದವರೂ ಹೊರಡಲಿಲ್ಲ. ಗೋಡೆಗೆ ಒರಗಿ ನಿಂತರು. ಕೊನೆಗೆ ಕುರ್ಚಿ ಖಾಲಿಯಾಯಿತು. ಅಪ್ಪ ಹೋಗಿ ಕೂತು ತಲೆ ಹಿಂದಕ್ಕೆ ಒರಗಿಸಿದ.

ಚಿಕ್ಕಪ್ಪ ಬಿಳಿ ಬಟ್ಟೆ ಹೊದಿಸಿದ. ಅಂಚನ್ನು ಕೊರಳಿಗೆ ಸಿಕ್ಕಿಸಿದ. ಆಮೇಲೆ, "ಏನು ಮಾಡ್ಲಿ?" ಎಂದ.

"ಮೀಸೆ ತೆಗಿ."

"ಅಣ್ಣಾ…"

"ತೆಗಿ ಅಂದೆ. ಅವತ್ತು ಅಪ್ಪಂಗೆ ನಾನೇ ಮಾಡ್ಬೇಕಿತ್ತು. ದೊಡ್ಡವನು ನಾನು. ಕತ್ತಿ ಹಿಡಿದೆ, ಕೈ ನಡುಗ್ತು. ಕತ್ತಿ ಅಲ್ಲೇ ಇಟ್ಟು ನೀರಿನ ಟ್ಯಾಂಕ್ ಹಿಂದೆ ಹೋಗಿ ಬಚ್ಚಿಟ್ಕೊಂಡೆ. ನಿನ್ನ ಒಬ್ಬನ್ನೇ ಬಿಟ್ಟು ಓಡೋದೆ. ಆಮೇಲೆ ಬಂದು, ನನ್ನ ಹೇಡಿತನಾನೆಲ್ಲ ನಿನ್ನ ತಲೆಗೆ ಕಟ್ಟಿದೆ. ಆರು ವರ್ಷ." ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. "ತಪ್ಪಾಯ್ತು ಕಣೋ ಚಿಕ್ಕೋನೆ."

ಚಿಕ್ಕಪ್ಪ ಬುರುಗು ಕಲಸಿದ. ಎಡಗಡೆ, ಬಲಗಡೆ. ಈ ಸಲ ಕೈ ಒಂದು ಕೂದಲಿನಷ್ಟೂ ತಪ್ಪಲಿಲ್ಲ. ಬಿಸಿನೀರಿನ ಟವೆಲ್ಲಿನಲ್ಲಿ ಒರೆಸಿದಾಗ ಕನ್ನಡಿಯಲ್ಲಿದ್ದವನನ್ನು ನೋಡಿ ನಾನೇ ಬೆಚ್ಚಿದೆ. ಪೆಟ್ಟಿಗೆಯಲ್ಲಿ ಮಲಗಿದ್ದ ತಾತನ ಮುಖವೇ ಅದು.

"ಅಪ್ಪನ ಥರಾನೇ ಇದೀಯ ಅಣ್ಣ" ಎಂದು ಚಿಕ್ಕಪ್ಪ ಅವನ ತಲೆಯನ್ನು ಎದೆಗೆ ಒತ್ತಿಕೊಂಡ. ಬಿಳಿ ಬಟ್ಟೆ, ಬುರುಗು, ಕತ್ತರಿ, ಎಲ್ಲ ಸಮೇತ. ಗೋಡೆಗೆ ಒರಗಿದ್ದವರೆಲ್ಲ ಒಟ್ಟಿಗೆ ಮೂಗು ಒರೆಸಿಕೊಂಡರು.

ಪುಟ್ಟಿಯ ಮದುವೆಯ ಫೋಟೊಗಳಲ್ಲಿ ಅವಳು ಕ್ಯಾಮೆರಾ ನೋಡುತ್ತಿದ್ದಾಳೆ. ಅಪ್ಪ ಮಾತ್ರ ಎಲ್ಲದರಲ್ಲೂ ಇಲ್ಲದ ಮೀಸೆಯನ್ನು ಮುಟ್ಟಿಕೊಳ್ಳುತ್ತಿದ್ದಾನೆ.

ಈ ಕಥೆಯನ್ನು ರಸ್ತೆಯುದ್ದಕ್ಕೂ ಹೀಗೇ ಹೇಳಿಕೊಂಡು ತಿರುಗಿದೆ. ಮೊನ್ನೆ ಒಬ್ಬ ಗಿರಾಕಿಗೆ ಹೇಳುತ್ತ "ಇದು ನನ್ನ ಅಪ್ಪಣೆ" ಎಂಬಲ್ಲಿಗೆ ಬಂದಾಗ ಅಪ್ಪ ಕತ್ತಿ ಒರೆಸುತ್ತ, ತಲೆಯೆತ್ತದೆ ಹೇಳಿದ: "ನಿನ್ನ ಬಡಾಯಿ ಎಷ್ಟು ಬೇಕಾದ್ರೂ ಕೊಚ್ಕೋ. ಅವರು ಆಡದ ಮಾತು ಮಾತ್ರ ಅವರ ಬಾಯಿಗೆ ಹಾಕ್ಬೇಡ."

ಅದಕ್ಕೇ ನಿಜ ಹೇಳುತ್ತೇನೆ. ಏಪ್ರನ್ ತೆಗೆದು ತಲೆ ಸವರಿಕೊಂಡನಲ್ಲ, ಅಲ್ಲಿಯವರೆಗೆ ನಿಜ. ಆಮೇಲಿನ ಡೈಲಾಗನ್ನು ನಾನು ಹೇಳಲೇ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು, "ಸ್ವಾಮಿ, ದೇವರೇ ನಿಮ್ಮ ಕೈಲಿ ಫೋನ್ ಮಾಡ್ಸಿದಾನೆ. ಒಂದು ಪಾಪ ಇದೆ. ಆರು ವರ್ಷದಿಂದ ಯಾರಿಗೂ ಹೇಳಿಲ್ಲ. ನಮ್ಮಪ್ಪ ತೀರ್ಕೊಂಡ ದಿನ…" ಎಂದು ಶುರುಮಾಡಿಬಿಟ್ಟ.

ನಾನು ಎಷ್ಟೇ ತರಲೆಯಾದರೂ ಪಾಪನಿವೇದನೆ ಎಂದರೇನು ಅಂತ ಗೊತ್ತು. ಅದು ಗುರುಗಳ ಕಿವಿಗೆ ಬಿದ್ದು ದೇವರಿಗೆ ಸೇರುವ ಮಾತು. ನನ್ನ ಕಿವಿಗೆ ಬೀಳಬಾರದು. ನನ್ನ ಸ್ವಂತ ದನಿಯಲ್ಲಿ, ಅದೂ ಒಡೆದ ದನಿಯಲ್ಲಿ, "ಅಪ್ಪಾ, ಹೇಳ್ಬೇಡ. ನಾನು ಕಣಪ್ಪಾ" ಎಂದೆ.

ಅಪ್ಪ ಗಾಜಿನಿಂದಾಚೆ ನೋಡಿದ. ನನ್ನನ್ನು ಕಂಡ. ರಿಸೀವರನ್ನು ಮೆಲ್ಲಗೆ ಇಟ್ಟ. ಏಪ್ರನ್ ಮತ್ತೆ ಕಟ್ಟಿಕೊಂಡ. ಎರಡು ದಿನ "ಟವೆಲ್ ಕೊಡು" ಬಿಟ್ಟರೆ ಬೇರೆ ಮಾತಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

ಶನಿವಾರ ಸಂಜೆ ಚರ್ಚಿಗೆ ಹೋದೆ, ನನ್ನ ಪಾಪ ಹೇಳಲು. ಪಾಪನಿವೇದನೆಗೆ ಕಾಯುವವರ ಬೆಂಚಿನಲ್ಲಿ ಅಪ್ಪ ಮೊದಲೇ ಕೂತಿದ್ದ. ಅವನ ಪಕ್ಕದಲ್ಲಿ ಒಂದು ಕಪ್ಪು ಕೊಡೆ. ಬಿಷಪ್ಪರು. ಪಾಪ ಕೇಳಲು ಬಂದದ್ದಲ್ಲ, ಹೇಳಲು. ಒಳಗೆ ಕೂತಿದ್ದವರು ಅವರ ಕೈಯಿಂದಲೇ ದೀಕ್ಷೆ ಪಡೆದ ಎಳೆಯ ಗುರುಗಳು.

ಅಪ್ಪ ಎದ್ದು, "ಸ್ವಾಮಿ, ನೀವು ಮುಂದೆ ಹೋಗಿ" ಎಂದ.

"ಯಾಕೆ ಮಗು, ನನ್ನ ಪಾಪ ನಿಂದಕ್ಕಿಂತ ಅರ್ಜೆಂಟಾ? ಕೂತ್ಕೋ."

ಅಷ್ಟೇ ಅವರು ಆಡಿದ ಮಾತು. ಚಿಕ್ಕಪ್ಪನ ಜೊತೆಗಿನ ಜಗಳದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅಪ್ಪ ಒಳಗೆ ಹೋದ, ಕೆಂಪು ಕಣ್ಣಿನಲ್ಲಿ ಹೊರಗೆ ಬಂದ, ನನ್ನನ್ನು ದಾಟಿ ಸೀದಾ ಚಿಕ್ಕಪ್ಪನ ಅಂಗಡಿಯ ಕಡೆ ನಡೆದ. ನನ್ನ ಸರದಿ ಬಿಟ್ಟು ನಾನು ಅವನ ಹಿಂದೆ ಓಡಿದೆ. ನನ್ನ ಪಾಪ ಮುಂದಿನ ಶನಿವಾರದವರೆಗೆ ಕಾಯಬೇಕಾಯಿತು.

ಏನು ನೋಡಿ ಚಿಕ್ಕಪ್ಪನ ಹತ್ತಿರ ಹೋಗಲು ಮನಸ್ಸು ಮಾಡಿದೆ ಎಂದು ಆಮೇಲೊಮ್ಮೆ ಕೇಳಿದೆ. ಅಪ್ಪ ಬಾಚಣಿಗೆ ತೊಳೆಯುತ್ತಿದ್ದ.

"ಕೊಡೆ ಹಿಡಿದಿದ್ರಲ್ಲ, ಆ ಬೆರಳು ನಡುಗ್ತಿತ್ತು ಕಣೋ. ಅಷ್ಟು ದೊಡ್ಡ ಮನುಷ್ಯಂಗೂ ಹೆದರಿಕೆ. ನಡುಗ್ತಾನೇ ಕೂತಿದ್ರು. ಎದ್ದು ಓಡೋಗ್ಲಿಲ್ಲ."

ಇನ್ನು ಆ ನಾಲ್ಕು ನಿಮಿಷದ ವಿಷಯ. ಕೀಲಿಕೈ ಮಾವ ಗೋಡೆ ಗಡಿಯಾರ ನೋಡುತ್ತಿದ್ದನಂತೆ. ನಲವತ್ತು ಸೆಕೆಂಡೂ ಆಗಿರಲಿಲ್ಲ.