ಇಬ್ಬರು ಚಿಕ್ಕಮ್ಮಂದಿರು

ಜಾರುಬಂಡೆಯ ತಗಡು ಬಿಸಿಲಿಗೆ ಹೊಳೆಯುತ್ತಿದೆ, ಕಾದಿರಬೇಕು, ಹುಡುಗಿ ತೊಡೆ ಸುಟ್ಟುಕೊಂಡಾಳು, ಎದ್ದು ಹೋಗಿ ಮುಟ್ಟಿ ನೋಡಬೇಕು — ಅಂದುಕೊಂಡು ಇವಳು ಬೆಂಚಿನಿಂದ ಅರ್ಧ ಎದ್ದಳು, ಅಷ್ಟರಲ್ಲಿ ಭಾವನ ಹೊಸ ಹೆಂಡತಿ ಆಗಲೇ ಅಲ್ಲಿ, ಅಂಗೈ ಊರಿ ನೋಡಿ, ಕುತ್ತಿಗೆಯ ಸ್ಕಾರ್ಫ್ ತೆಗೆದು ಹಾಸುತ್ತಿದ್ದಾಳೆ, ಇದರ ಮೇಲೆ ಕೂತು ಜಾರು ಮರಿ, ಅಂತಿದ್ದಾಳೆ, ಸರಿ, ಅದೂ ಆಯಿತು, ಇನ್ನು ಎದ್ದು ಮಾಡುವುದೇನು, ಬಟ್ಟೆ ಸರಿಮಾಡಿಕೊಂಡಂತೆ ಮಾಡಿ ಮತ್ತೆ ಕೂತಳು. ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಒಂದು ಸಿಡುಕು, ಒಂದು ಕೊಂಕು ಮಾತು ಸಿಕ್ಕಿದ್ದರೂ ಸಾಕಿತ್ತು ಹಿಡಿದು ಜಗ್ಗೋಕೆ, ಸಿಗಲಿಲ್ಲ, ಬಂದ ಕೂಡಲೇ ಕೇಳಿದ್ದೇನು — ಅಕ್ಕಾ, ಹುಡುಗಿ ಜ್ವರ ಬಂದ್ರೆ ನಿದ್ದೇಲಿ ಬೆಚ್ಚಿ ಬೀಳ್ತಾಳಂತೆ, ಆಗ ನೀವೇನು ಮಾಡ್ತೀರಿ? ಪಾದ ಒತ್ತಬೇಕು, ಎರಡೂ ಪಾದ, ಒಂದನ್ನೇ ಒತ್ತಿದ್ರೆ ಇನ್ನೊಂದಕ್ಕೆ ಕೋಪ ಬರುತ್ತೆ ಅಂತಾಳೆ, ಎಂದು ಇವಳೂ ಹೇಳಿಕೊಟ್ಟಳು, ಹೇಳುತ್ತಾ ನಕ್ಕಳು ಕೂಡ, ಆಮೇಲೆ ನಾಲಿಗೆ ಕಚ್ಚಿಕೊಂಡಳು, ಅಯ್ಯೋ, ಅದನ್ನೂ ಕೊಟ್ಟುಬಿಟ್ಟೆನಲ್ಲ. ಎಲ್ಲ ಕೊಡಲಿಕ್ಕೇ ಬಂದದ್ದು ಇವತ್ತು. ಮಕ್ಕಳ ಬಟ್ಟೆಯ ಚೀಲಗಳು ಆಗಲೇ ಭಾವನ ಕಾರಿನ ಡಿಕ್ಕಿಯಲ್ಲಿವೆ, ಪಾರ್ಕಿನಿಂದ ನೇರ ಅವರ ಊರಿಗೆ, ಮನೆಯಿಂದ ಕಳಿಸೋದು ಬೇಡ, ಬಾಗಿಲಲ್ಲಿ ಅತ್ತು ರಂಪ ಆಗುತ್ತೆ, ಆಡ್ತಾ ಆಡ್ತಾ ಹೋಗಿಬಿಡಲಿ — ಅಂದದ್ದು ಇವಳೇ. ಆರು ವರ್ಷ. ಅಕ್ಕ ಆಸ್ಪತ್ರೆಯಿಂದ ವಾಪಸ್ಸು ಬರಲಿಲ್ಲ, ಬಂದದ್ದು ಬಟ್ಟೆಯಲ್ಲಿ ಸುತ್ತಿದ ಕೂಸು, ಕಡ್ಡಿಯಂಥ ಕೈಕಾಲು, ಹಾಗಾಗಿ ಕಡ್ಡಿ ಅಂತಲೇ ಹೆಸರು ನಿಂತಿತು, ದೊಡ್ಡವನಿಗೆ ಆಗ ನಾಲ್ಕು, ಭಾವ ಸರಕಿನ ಹಡಗಿನಲ್ಲಿ ಮೆಕ್ಯಾನಿಕ್, ನೆಲದ ಮೇಲೆ ಒಂದು ಕೆಲಸ ಸಿಗೋವರೆಗೆ ನೋಡ್ಕೊಳಮ್ಮ, ಅಂದ, ನೋಡಿಕೊಂಡಳು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವ ಕೆಲಸ, ವಾರವಿಡೀ ಊರವರ ಮಕ್ಕಳ ಹೆಸರು, ಭಾನುವಾರ ತನ್ನವೆರಡು — ತನ್ನವು ಅಂದರೆ, ಸರಿ, ಇವೆರಡು — ಕೈಗೊಂದು ಹಿಡಿದು ಇದೇ ಪಾರ್ಕು ಸುತ್ತುವುದು, ಕೊಳದ ಬಾತುಕೋಳಿಗೆ ನಿನ್ನೆಯ ಬ್ರೆಡ್ಡು, ಕಾರಂಜಿಯ ಹತ್ತಿರ ಹೋಗಬೇಡಿ ಅಂದರೆ ತೊಯ್ದು ತೊಪ್ಪೆಯಾಗಿಯೇ ಬರುವುದು, ಒಮ್ಮೆ ಕಡ್ಡಿ ಬಾತುಕೋಳಿಯ ಬೆನ್ನು ಹತ್ತಿ ಕೆಸರಲ್ಲಿ ಚಪ್ಪಲಿ ಕಳಕೊಂಡು, ಅದೇ ಹಾಕ್ಕೊಂಡು ಹೋಯ್ತು ಅಂತ ಹಟ ಹಿಡಿದು, ಮನೆವರೆಗೂ ಇವಳ ಹೆಗಲ ಮೇಲೆ, ದಾರಿಯುದ್ದಕ್ಕೂ ಬಾತುಕೋಳಿಗೆ ಬೈಗುಳ, ಆ ಭಾರ ಹೆಗಲಿಗೆ ಈಗಲೂ ಗೊತ್ತು, ಭಾವನಿಗೆ ಎತ್ತೋಕೆ ಬರುತ್ತೋ ಇಲ್ಲವೋ, ಹಡಗಿನ ಇಂಜಿನ್ನು ಬಿಚ್ಚಿ ಜೋಡಿಸಿದವನು, ಈಗ ನೆಲದ ಮೇಲೆ ಕೆಲಸವೂ ಸಿಕ್ಕಿದೆ, ಬರುತ್ತೆ ಬಿಡು.

ದೊಡ್ಡವನು ಆಡುತ್ತಿಲ್ಲ, ಬೆಂಚಿನ ಆ ತುದಿಯಲ್ಲಿ ಕೂತು ಶೂವಿನ ಮೂತಿಯಿಂದ ಮಣ್ಣು ಕೆದಕುತ್ತಿದ್ದಾನೆ, ಹೋಗೋ, ಆಡ್ಕೋ. ಬೇಡ. ಯಾಕೋ? ನೀನೂ ಬರ್ತೀನಿ ಅಂದ್ರೆ ಆಡ್ತೀನಿ. ಎಲ್ಲಿಗೆ? ಗೊತ್ತಿದ್ದೂ ಕೇಳ್ತೀಯಲ್ಲ ಚಿಕ್ಕಮ್ಮ. ಇವನು ಯಾವತ್ತೂ ಚಿಕ್ಕಮ್ಮ ಎಂದೇ ಕರೆದವನು, ಇವನಿಗೆ ಅಮ್ಮ ನೆನಪಿದ್ದಳು, ಆ ಮಾತನ್ನು ಯಾರಿಗೂ ಬಿಟ್ಟುಕೊಡಲಿಲ್ಲ, ಕಡ್ಡಿಗೆ ಯಾರು ನೆನಪಿದ್ದರು, ಬಾಯಿ ಬಂದ ದಿನವೇ ಇವಳನ್ನು ಅಮ್ಮಾ ಅಂದಳು, ತಿದ್ದಬೇಕಿತ್ತು, ಕೇಳೋಕೆ ಅಷ್ಟು ಹಿತವಾಗಿತ್ತು, ನಾಳೆ ತಿದ್ದಿದರಾಯಿತು, ನಾಳೆ — ತಿದ್ದಿದ್ದು ಇವತ್ತು ಬೆಳಿಗ್ಗೆ, ಜಡೆ ಹಾಕುತ್ತಾ, ಕನ್ನಡಿಯಲ್ಲಿ ಆ ಮುಖ ನೋಡಲಾರದೆ ಬೈತಲೆಯನ್ನೇ ನೋಡುತ್ತಾ. ಅವರನ್ನ ಏನಂತ ಕರೀಲಿ ಅಮ್ಮಾ? ಅಪ್ಪನ ಹೆಂಡತಿ ಅಲ್ವಾ, ಚಿಕ್ಕಮ್ಮ ಆಗ್ತಾರೆ. ಮತ್ತೆ ನೀನು? ನಾನು ನಿಮ್ಮಮ್ಮನ ತಂಗಿ, ನಾನೂ ಚಿಕ್ಕಮ್ಮಾನೇ. ಕಡ್ಡಿ ಯೋಚಿಸಿದಳು, ಇಬ್ರೂ ಚಿಕ್ಕಮ್ಮಾನೇ ಆದ್ರೆ ಅಮ್ಮ ಯಾರು? ಬಾಚಣಿಗೆ ಅಲ್ಲೇ ನಿಂತಿತು. ಯಾರೋ ಒಬ್ಬರು ಆಗಬೇಕಲ್ಲ, ಮಗುವಿಗೆ ಕರೆಯೋಕೆ ಒಂದು ಅಮ್ಮ ಬೇಕಲ್ಲ, ಜೊತೆಯಲ್ಲಿರುವವರೇ ಆಗಬೇಕು ಅದು, ಅವರನ್ನೇ ಅಮ್ಮ ಅನ್ನು ಪುಟ್ಟಾ, ನನ್ನನ್ನ ಅಣ್ಣ ಕರೀತಾನಲ್ಲ ಹಾಗೆ ಕರಿ. ಬಾಯಿ ತಪ್ಪಿ ಬಂದ್ರೆ? ಬಂದ್ರೆ ಔಟು, ಆಟ ಅಂದ್ಕೋ. ಆಟ ಅಂದರೆ ಸಾಕು, ಕಣ್ಣರಳಿಸಿ ತಲೆಯಾಡಿಸಿದಳು, ಅರ್ಧ ಹಾಕಿದ ಜಡೆ ಕೈಯಿಂದ ಜಾರಿ ಬಿಚ್ಚಿಹೋಯಿತು, ಇನ್ನೊಮ್ಮೆ ಹಾಕಬೇಕಾಯಿತು, ಇನ್ನೂ ನಾಲ್ಕು ಸಲ ಬಿಚ್ಚಿದ್ದರೂ ಬೇಸರವಿರಲಿಲ್ಲ.

ಆಟದ ರೈಲು ಕೂ ಅಂದಿತು. ಡಬ್ಬಿಗೆ ನಾಲ್ಕೇ ಜನ, ಭಾವ, ಹೊಸ ಹೆಂಡತಿ, ಕಡ್ಡಿ ಹತ್ತಿ ಕೂತಾಗಿದೆ, ಇನ್ನು ದೊಡ್ಡವನೊಬ್ಬನಿಗೆ ಜಾಗ, ರೈಲಿನವನು ಕೈ ಅಡ್ಡ ಹಿಡಿದ, ನೀವು ಮುಂದಿನ ಸಲ ಮೇಡಂ. ಹೊಸ ಹೆಂಡತಿ ಇಳಿಯಲು ಹೊರಟಳು, ಅಕ್ಕಾ ನೀವು ಕೂತ್ಕೊಳ್ಳಿ, ಭಾವನೂ ಅರ್ಧ ಎದ್ದ, ಬೇಡ ಬೇಡ, ನನಗೆ ತಲೆ ಸುತ್ತುತ್ತೆ, ಅಂದಳು ಇವಳು, ಆಮೆಗಿಂತ ನಿಧಾನ ಹೋಗುವ ರೈಲಿಗೆ ಯಾರ ತಲೆ ಸುತ್ತುತ್ತದೆ, ದೊಡ್ಡವನು ಇವಳ ಮುಖವನ್ನೇ ನೋಡಿದ, ಸುಳ್ಳು ಅಂತ ಗೊತ್ತು ಅವನಿಗೆ, ತಂಗಿಯ ಪಕ್ಕ ಹೋಗಿ ಕೂತ. ಕಂಬಿಬೇಲಿ ಹಿಡಿದು ನಿಂತಳು, ಕಂಕುಳಲ್ಲಿ ಎಲ್ಲರ ನೀರಿನ ಬಾಟಲಿ, ರೈಲು ಪೊದೆಗಳ ಹಿಂದೆ ಹೋಯಿತು, ಸುತ್ತಿ ಬರುತ್ತದೆ, ಬರಲಿ, ಬಂತು, ಕಡ್ಡಿ ಸೀಟಿನ ಮೇಲೆ ಮಂಡಿಯೂರಿ, ಜಡೆ ಮುಂದಕ್ಕೆ ಜೋತು, ಇವಳನ್ನು ಕಂಡದ್ದೇ ತಡ ಮುಖವೆಲ್ಲ ಬಾಯಾಗಿ, ಅಮ್ — ಅಷ್ಟೇ, ಫಟ್ಟನೆ ಅಂಗೈ ಬಂದು ಬಾಯಿ ಮುಚ್ಚಿತು, ಬೆರಳುಗಳ ಮೇಲೆ ಎರಡು ಕಣ್ಣು, ನಗುವ ಕಣ್ಣು, ಔಟಾಗಲಿಲ್ಲ ನೋಡು, ಗೆದ್ದೆ ನೋಡು, ಎನ್ನುವ ಕಣ್ಣು, ರೈಲು ಹೋಯಿತು, ಇವಳ ಎತ್ತಿದ ಕೈ ಎತ್ತಿದಂತೆಯೇ. ಮತ್ತೊಂದು ಸುತ್ತು — ಚಿಕ್ಕಮ್ಮಾ, ಟಾಟಾ ಚಿಕ್ಕಮ್ಮಾ, ಸ್ಪಷ್ಟವಾಗಿ, ಒಂದಕ್ಷರ ಎಡವದೆ, ಹೊಸ ಹೆಂಡತಿ ಹಿಂದಿನಿಂದ ಅವಳ ಸೊಂಟ ಬಳಸಿ ಹಿಡಿದಿದ್ದಾಳೆ, ಬೀಳದ ಹಾಗೆ, ಸರಿಯಾಗಿ ಹಿಡಿದಿದ್ದಾಳೆ, ಟಾಟಾ, ಜಾಣೆ, ಅಂದಳು ಇವಳು, ಕೇಳಿಸಿತೋ ಇಲ್ಲವೋ. ಕಾರಿನವರೆಗೆ ನಡೆದದ್ದು, ದೊಡ್ಡವನು ಇವಳ ಹೊಟ್ಟೆಗೆ ಮುಖ ಒತ್ತಿ ಬಿಡದೇ ನಿಂತದ್ದು, ಭಾವ ಮುಚ್ಚಿದ ಡಿಕ್ಕಿಯನ್ನು ಮತ್ತೊಮ್ಮೆ ತೆಗೆದು ಮುಚ್ಚಿದ್ದು, ಪ್ರತಿ ತಿಂಗಳೂ ಕರ್ಕೊಂಡು ಬರ್ತೀವಿ ಅಕ್ಕಾ ಎಂದು ಆ ಹೆಂಗಸು ಕಣ್ಣೊರೆಸಿಕೊಂಡದ್ದು, ಕಾರು ತಿರುವಿನಲ್ಲಿ ಮರೆಯಾದದ್ದು — ಎಲ್ಲ ಆಗಿದೆ, ಬಸ್ಸು ಹತ್ತಿದ್ದೂ ಆಗಿದೆ, ಕಂಡಕ್ಟರು ಕೇಳುತ್ತಿದ್ದಾನೆ, ಎಲ್ಲಿಗಮ್ಮಾ, ಹೇಳಬೇಕು, ಸ್ಟಾಪಿನ ಹೆಸರು ನಾಲಿಗೆಯ ತುದಿಯಲ್ಲೇ ಇದೆ, ಎಲ್ಲಿಗೆ ಅಮ್ಮಾ, ಪೊದೆಗಳ ತಿರುವು ದಾಟಿ ರೈಲು ಮತ್ತೆ ಬರುತ್ತಿದೆ, ಮಂಡಿಯೂರಿದ ಹುಡುಗಿ, ತೆರೆದ ಬಾಯಿ, ಅಮ್ — ಬೆರಳುಗಳ ಮೇಲೆ ನಗುವ ಎರಡು ಕಣ್ಣು, ಬಾಯಿಯ ಮೇಲೆ ಆ ಪುಟ್ಟ ಕೈ, ಬಾಯಿಯ ಮೇಲೆ ಆ ಪುಟ್ಟ ಕೈ