ಕೆಳಗಿನ ಸಾಲಿನಲ್ಲಿ ಸಾವಿಲ್ಲ

ಬೇಸಿಗೆ ರಜೆ ಶುರುವಾಯಿತೆಂದರೆ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ಪ್ರತಿಭೆಗಳು ಬರುತ್ತಿದ್ದವು. ಹಾಗೆಂದು ಬಾಗಿಲ ಮೇಲಿನ ಬ್ಯಾನರೇ ಹೇಳುತ್ತಿತ್ತು: 'ಯುವ ಪ್ರತಿಭೆಗಳಿಗಾಗಿ ಎಂಟು ವಾರಗಳ ಬೇಸಿಗೆ ಸಂಶೋಧನಾ ಶಿಬಿರ.' ಆ ಬ್ಯಾನರನ್ನು ಪ್ರತಿ ವರ್ಷ ಅಟ್ಟದಿಂದ ಇಳಿಸಿ, ಜೇಡರ ಬಲೆ ಒರೆಸಿ, ಇಸವಿಯ ಮೇಲೆ ಹೊಸ ಚೀಟಿ ಅಂಟಿಸಿ ಕಟ್ಟಿಸುತ್ತಿದ್ದವಳು ವಿಭಾಗದ ಅಟೆಂಡರ್. ಎಲ್ಲರ ಬಾಯಲ್ಲೂ ಅವಳು ಅಕ್ಕ. ಹನ್ನೊಂದು ಬೇಸಿಗೆ ಕಟ್ಟಿಸಿದ್ದಳು. ಅದರ ಕೆಳಗೆ ಹಾದು ಒಳಗೆ ಬಂದವರಲ್ಲಿ ಪ್ರತಿಭೆ ಎಂಬುದು ಯಾರ ಹತ್ತಿರ ಇತ್ತು ಎಂದು ಅವಳಿಗೆ ಇವತ್ತಿನವರೆಗೂ ಪತ್ತೆಯಾಗಿರಲಿಲ್ಲ.

ಬರುತ್ತಿದ್ದವರಾದರೂ ಎಂಥವರು! ಮೊದಲ ದಿನ ಬಿಳಿ ಕೋಟು ತೊಟ್ಟು ಸೂಕ್ಷ್ಮದರ್ಶಕದ ಮುಂದೆ ಫೋಟೋ. ಎರಡನೇ ದಿನ ಅದೇ ಕೋಟು, ಸ್ವಲ್ಪ ಗಂಭೀರ ಮುಖ, ಮತ್ತೆ ಫೋಟೋ. ಒಬ್ಬ ಪುಣ್ಯಾತ್ಮ ಮುಚ್ಚಳವನ್ನೇ ತೆಗೆಯದ ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟು ಎಂಟು ವಾರ ಕಳೆದ. ಇನ್ನೊಬ್ಬಳು ಬಸವನಹುಳುವಿನ ತಲೆ ಯಾವ ಕಡೆ ಇರುತ್ತದೆ ಎಂದು ಅಕ್ಕನನ್ನು ಕೇಳಿ ತಿಳಿದುಕೊಂಡು, ಕೊನೆಯ ದಿನ ಅದೇ ಬಸವನಹುಳುವಿನ ಮೇಲೆ ಪ್ರಬಂಧ ಓದಿ ಬಹುಮಾನ ಹೊಡೆದುಕೊಂಡು ಹೋದಳು. ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ಪ್ರಮಾಣಪತ್ರ. ಹೋದ ಪುಟ್ಟ, ಬಂದ ಪುಟ್ಟ.

ಶಿಬಿರದ ಯಜಮಾನರು ಪ್ರೊಫೆಸರ್. ಮೊದಲ ದಿನ 'ಕುತೂಹಲ' ಎಂಬ ವಿಷಯದ ಮೇಲೆ ಒಂದೂವರೆ ಗಂಟೆ ಮಾತಾಡಿ ಮಾಯವಾದರೆ ಮತ್ತೆ ಕಾಣಿಸುತ್ತಿದ್ದದ್ದು ಕೊನೆಯ ದಿನ. ಆ ಕುತೂಹಲದಲ್ಲಿ ಒಂದು ಚಿಟಿಕೆ ಅವರಲ್ಲೂ ಇದ್ದಿದ್ದರೆ ನಡುವೆ ಒಮ್ಮೆಯಾದರೂ ಹುಳುಗಳ ಕೋಣೆಗೆ ಬಂದು ಇಣುಕುತ್ತಿದ್ದರು. ಅವರ ಹೆಸರೆಲ್ಲ ನಿಂತಿದ್ದದ್ದು ಒಂದು ಬೂದು ಪುಡಿಯ ಮೇಲೆ. ಕಪಾಟಿನ ಕೆಳಗಿನ ಸಾಲಿನಲ್ಲಿ ನಾಲ್ಕು ಡಬ್ಬಿ. ಅದರ ಬಸವನಹುಳುಗಳಿಗೆ ಸೊಪ್ಪಿನ ಜೊತೆ ಆ ಪುಡಿ. ಮೇಲಿನ ಸಾಲಿನ ನಾಲ್ಕು ಡಬ್ಬಿಗಳಿಗೆ ಬರೀ ಸೊಪ್ಪು. ಒಂದೊಂದರಲ್ಲಿ ಇಪ್ಪತ್ತು ಹುಳು. ಬೇಸಿಗೆಯ ಕಾವಿಗೆ ಮೇಲಿನವು ಅರ್ಧಕ್ಕರ್ಧ ಸಾಯುತ್ತಿದ್ದವು. ಕೆಳಗಿನವು ಸಾಯುತ್ತಲೇ ಇರಲಿಲ್ಲ. ಶುರುವಿನ ಒಂದು ವಾರ ಬಿಟ್ಟರೆ ಹನ್ನೊಂದು ವರ್ಷ, ಎಂಬತ್ತರಲ್ಲಿ ಒಂದೂ ಇಲ್ಲ. ನಾಲ್ಕು ಕೋಳಿ ಸಾಕಿದ ಯಾವ ಅಜ್ಜಿಗೆ ಹೇಳಿದರೂ ಹುಬ್ಬೇರಿಸಿ ನಗುತ್ತಿದ್ದಳು. ಪ್ರೊಫೆಸರ್ ಮಾತ್ರ ಆರು ಪ್ರಬಂಧ ಬರೆದರು, ದೂರದೂರಕ್ಕೆ ಹೋಗಿ ಭಾಷಣ ಮಾಡಿ ಬಂದರು, ಕೋಣೆಯ ಗೋಡೆ ಕಾಣದಷ್ಟು ಫಲಕ ನೇತುಹಾಕಿದರು.

ಯಾಕೆ ಸಾಯುತ್ತಿರಲಿಲ್ಲ ಎಂದು ಅಕ್ಕನನ್ನು ಕೇಳಿದ್ದರೆ ಹೇಳಿಬಿಡುತ್ತಿದ್ದಳು. ಯಾರೂ ಕೇಳಲಿಲ್ಲ. ಶಿಬಿರ ಶುರುವಾದ ವರ್ಷ, ಮೊದಲ ಸೋಮವಾರವೇ ಕೆಳಗಿನ ಡಬ್ಬಿಯೊಂದರಲ್ಲಿ ಮೂರು ಹುಳು ಸತ್ತಿದ್ದವು. ಎಣಿಕೆಯ ಚೀಟಿ ನೋಡಿದ ಪ್ರೊಫೆಸರ್ ಅಕ್ಕನನ್ನು ಕರೆಸಿ ಎಗರಾಡಿಬಿಟ್ಟಿದ್ದರು. "ಇಪ್ಪತ್ತು ಅಂದ್ರೆ ಇಪ್ಪತ್ತು ಇರ್ಬೇಕು! ಹದಿನೇಳು ಹೇಗಾಯ್ತು? ಏನಮ್ಮ ನೋಡ್ಕೊಳ್ತಾ ಇದೀರಿ ನೀವು? ಮುಂದಿನ ವಾರ ಒಂದು ಕಮ್ಮಿಯಾದ್ರೂ ಸುಮ್ನಿರಲ್ಲ ನಾನು."

ಅಕ್ಕ ಅದನ್ನು ಯಾವ ಗೃಹಿಣಿಯೂ ಕೇಳಿಸಿಕೊಳ್ಳುವ ಹಾಗೇ ಕೇಳಿಸಿಕೊಂಡಳು. ಸಕ್ಕರೆ ಡಬ್ಬಿಯಲ್ಲಿ ಸಕ್ಕರೆ ಕಮ್ಮಿಯಾದರೆ ತುಂಬಿಸುವುದಿಲ್ಲವೇ? ಕಟ್ಟಡದ ಹಿಂದೆ ಸೋರುವ ನೀರಿನ ತೊಟ್ಟಿಯೊಂದಿತ್ತು, ಅದರ ಒದ್ದೆ ಗೋಡೆಗೆ ಇಂಥವೇ ಹುಳುಗಳು ಬೇಕಾದಷ್ಟು ಅಂಟಿಕೊಂಡಿರುತ್ತಿದ್ದವು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ಸತ್ತದ್ದನ್ನು ಎತ್ತಿ ಬಿಸಾಡಿ, ಎಷ್ಟು ಕಮ್ಮಿಯೋ ಅಷ್ಟನ್ನು ಗೋಡೆಯಿಂದ ಬಿಡಿಸಿ ತಂದು ಹಾಕುತ್ತಿದ್ದಳು. ಹತ್ತಕ್ಕೆ ಪ್ರತಿಭೆಗಳು ಬಂದು ಎಣಿಸಿದರೆ ಸರಿಯಾಗಿ ಇಪ್ಪತ್ತು. ಮೇಲಿನ ಸಾಲಿಗೂ ಹಾಕುತ್ತಿದ್ದಳೇನೋ, ಆದರೆ ಅದಕ್ಕೆ ಸ್ಟೂಲು ಹತ್ತಬೇಕು, ಅವಳ ಬಲಮಂಡಿ ಹತ್ತಲು ಬಿಡುತ್ತಿರಲಿಲ್ಲ. ಅಲ್ಲಿ ಸತ್ತರೆ ಯಾರೂ ಬೈಯುತ್ತಲೂ ಇರಲಿಲ್ಲ. ಹೀಗೆ ಲೋಕಕ್ಕೆ ದೀರ್ಘಾಯುಷ್ಯದ ಗುಟ್ಟು ಸಾರಿದ ಆರೂ ಪ್ರಬಂಧಗಳು ಒಬ್ಬ ಹೆಂಗಸಿನ ಮಂಡಿನೋವಿನ ಮೇಲೆ ನಿಂತಿದ್ದವು. ಇದು ಪ್ರೊಫೆಸರಿಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ.

ಹನ್ನೆರಡನೇ ಬೇಸಿಗೆಗೆ ಬಂದ ಆರು ಮಂದಿಯಲ್ಲಿ ಒಬ್ಬಳು ತೆಳ್ಳಗಿನ ಹುಡುಗಿ, ಯಾವುದೋ ಸಣ್ಣ ಕಾಲೇಜಿನವಳು. ಮೊದಲ ದಿನವೇ ಚೀಲದಿಂದ ಉಗುರುಬಣ್ಣದ ಶೀಸೆ ತೆಗೆದು, ಒಂದೊಂದು ಹುಳುವಿನ ಚಿಪ್ಪಿನ ಮೇಲೂ ಕೆಂಪು ಚುಕ್ಕಿಯಿಟ್ಟು, ಅದರ ಮೇಲೆ ಸೂಜಿಯಂಥ ಪೆನ್ನಿನಿಂದ ನಂಬರು ಬರೆದಳು. ಹುಳುಗಳಿಗೂ ಶೃಂಗಾರ ಶುರುವಾಯಿತಲ್ಲಪ್ಪ ಎಂದು ಅಕ್ಕ ಮೂಗು ಮುರಿದು, ಅವಳಿಗೆ ಚುಕ್ಕಿ ಎಂದೇ ಹೆಸರಿಟ್ಟಳು.

ಆದರೆ ಚುಕ್ಕಿ ಫೋಟೋ ತೆಗೆಸಿಕೊಳ್ಳಲಿಲ್ಲ. ಉಳಿದವರು ಹತ್ತಕ್ಕೆ ಬಂದರೆ ಇವಳು ಒಂಬತ್ತಕ್ಕೇ ಹಾಜರು. ಡಬ್ಬಿಗಳನ್ನು ತಾನೇ ತೊಳೆಯುತ್ತಿದ್ದಳು, ಅಕ್ಕ ಸೊಪ್ಪು ಹೆಚ್ಚುವಾಗ ಪಕ್ಕದಲ್ಲಿ ಕೂತು ಹೆಚ್ಚುತ್ತಿದ್ದಳು. ಊರಿಗೇ ದೊಡ್ಡದೆನಿಸಿದ ಸಂಶೋಧನಾ ಸಂಸ್ಥೆಯೊಂದರಲ್ಲಿ ಓದುವುದು ಅವಳ ಆಸೆ. ಅವಳ ಕಾಲೇಜಿನಿಂದ ಅಲ್ಲಿಗೆ ಯಾರೂ ಕಾಲಿಟ್ಟಿರಲಿಲ್ಲ. ಪ್ರೊಫೆಸರ್ ಒಂದು ಶಿಫಾರಸು ಪತ್ರ ಬರೆದುಕೊಟ್ಟರೆ ಸೀಟು ಸಿಕ್ಕ ಹಾಗೇ; ಕೊಡದಿದ್ದರೆ ಅಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಕೂರುವುದೇ. ಇದನ್ನೆಲ್ಲ ಸೊಪ್ಪು ಹೆಚ್ಚುತ್ತಾ ಅವಳೇ ಹೇಳಿದ್ದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಕ್ಕನಿಗೆ ಒಬ್ಬಳ ಮೇಲೆ ಮರ್ಯಾದೆ ಹುಟ್ಟಿತು. ಮರ್ಯಾದೆ ಏನು, ಮಗಳ ಮೇಲಿರುವಂಥ ಪ್ರೀತಿಯೇ ಹುಟ್ಟಿತು.

ಮೂರನೇ ಸೋಮವಾರ ಚುಕ್ಕಿ ಡಬ್ಬಿಯ ಮುಂದೆ ಮರವಾಗಿ ನಿಂತಳು. ಹಿಂದಿನ ವಾರ ಸರಿಯಾಗಿದ್ದ ಕೆಳಗಿನ ಸಾಲಿನಲ್ಲಿ ಈಗ ಹನ್ನೊಂದು ಹುಳುಗಳ ಮೇಲೆ ಕೆಂಪು ಚುಕ್ಕಿಯೇ ಇರಲಿಲ್ಲ. ಓಡಿಹೋಗಿ ಪ್ರೊಫೆಸರಿಗೆ ಹೇಳಿದಳು. ಕೈಗೆ ಸಿಕ್ಕದ ಅವರು ಆವತ್ತು ಅಪ್ಪಿತಪ್ಪಿ ಕೋಣೆಯಲ್ಲಿದ್ದರು. "ಬ್ಯೂಟಿ ಪಾರ್ಲರ್ ಸಾಮಾನು ತಂದು ಲ್ಯಾಬಲ್ಲಿ ಹಚ್ಚಿದ್ರೆ ಹೀಗೇ ಆಗೋದು. ಬಣ್ಣ ಬಿಟ್ಕೊಂಡಿದೆ. ನನ್ನ ಹನ್ನೊಂದು ವರ್ಷದ ಕೆಲಸಾನ ಕೆಡಿಸಿದೀಯ ನೀನು. ನಿನ್ನ ಪ್ರಾಜೆಕ್ಟ್ ಅಪೂರ್ಣ ಅಂತ ಬರೀತೀನಿ. ಪತ್ರ ಗಿತ್ರ ಮರೆತುಬಿಡು."

ಹುಡುಗಿ ಹುಳುಗಳ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಮೇಲಿನ ಸಾಲಲ್ಲಿ ಒಂದೂ ಅಳಿಸಿಲ್ಲ ಅಕ್ಕ. ಅದೇ ಶೀಸೆ, ಅದೇ ಬಣ್ಣ. ಕೆಳಗೆ ಮಾತ್ರ ಹೇಗೆ ಹೋಗುತ್ತೆ?"

"ಅಯ್ಯೋ ಹುಚ್ಚಿ, ಅದಕ್ಯಾಕೆ ಅಳ್ತೀಯ?" ಎಂದಳು ಅಕ್ಕ. "ಸತ್ತಿದ್ದನ್ನ ತೆಗೆದು ಹೊಸದು ಹಾಕಿದೀನಿ ಕಣಮ್ಮ. ಹೊಸದಕ್ಕೆ ಚುಕ್ಕಿ ಎಲ್ಲಿಂದ ಬರುತ್ತೆ? ನೀನೇ ಇಟ್ಕೊಳ್ತೀಯ ಅಂತ ಬಿಟ್ಟೆ."

ಚುಕ್ಕಿಯ ಅಳು ನಿಂತಿತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ನಿಂತಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು, ಮೇಲಿನ ಸಾಲಿಗೆ ಯಾಕೆ ಹಾಕಲಿಲ್ಲ ಎಂದು ಕೇಳಿದಳು. ಅಕ್ಕ ಮಂಡಿ ತೋರಿಸಿದಳು. ಆಮೇಲೆ ಹುಡುಗಿ ಅವಳನ್ನು ಕೂರಿಸಿ, ಪುಡಿ ಎಂದರೇನು, ಎರಡು ಸಾಲು ಯಾಕೆ, ಪ್ರೊಫೆಸರ್ ಲೋಕಕ್ಕೆ ಏನು ಹೇಳಿಕೊಂಡು ತಿರುಗುತ್ತಿದ್ದಾರೆ ಎಂಬುದನ್ನೆಲ್ಲ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಅಕ್ಕನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಬಂದವರನ್ನೆಲ್ಲ ದಡ್ಡರು ಎಂದು ಒಳಗೊಳಗೇ ನಕ್ಕಿದ್ದಳು. ಎಲ್ಲರಿಗಿಂತ ದೊಡ್ಡ ದಡ್ಡತನ ತನ್ನ ಕೈಯಿಂದಲೇ ಆಗಿತ್ತು.

ಸಂಜೆ ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ದರ್ಜಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡ.

"ಕುಂಬಳಕಾಯಿ ಕಳ್ಳ ಅಂತ ಯಾರೂ ಇನ್ನೂ ಕೂಗೇ ಇಲ್ಲ, ಆಗ್ಲೇ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀಯ? ಕೆಲಸ ಹೋದ್ರೆ ಏನು ಮಾಡ್ತೀಯ?"

"ಹೋಗ್ಲಿ ರೀ. ನಾನು ಬಾಯಿ ಮುಚ್ಕೊಂಡಿದ್ರೆ ಆ ಮಗು ಬಾಳು ಹೋಗುತ್ತೆ."

"ಆ ಮಗು ನಾಳೆ ನಿನ್ನ ನೆನಪಿಟ್ಕೊಳ್ಳುತ್ತಾ?"

"ನೆನಪಿಟ್ಕೊಳ್ಳಲಿ ಅಂತ ಹೇಳ್ತಾ ಇಲ್ಲ," ಎಂದು ಅಕ್ಕ ರೇಗಿದಳು.

ಮರುದಿನ ಬೆಳಿಗ್ಗೆ ಪ್ರೊಫೆಸರ್ ಕೋಣೆಗೆ ಹೋಗಿ ನಿಂತಳು. ಚಹಾ ತಂದಳೇನೋ ಎಂದು ಅವರು ಮೇಜಿನ ಮೇಲೆ ಜಾಗ ಮಾಡಿದರು.

"ಸಾರ್, ಆ ಹುಡುಗಿ ತಪ್ಪು ಮಾಡಿಲ್ಲ. ತಪ್ಪು ನಂದು," ಎಂದು ಶುರುಮಾಡಿ ಒಂದನ್ನೂ ಬಿಡದೆ ಹೇಳಿದಳು. ಬೈಗುಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಬೈಗುಳ ಬರಲಿಲ್ಲ. ಪ್ರೊಫೆಸರ್ ಎದ್ದು ಬಾಗಿಲು ಹಾಕಿದರು. ಗೋಡೆಯ ಫಲಕಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದು, "ಕೂತ್ಕೊಳ್ಳಿ ಅಮ್ಮ," ಎಂದರು. ಆ ಕುರ್ಚಿಯ ಧೂಳನ್ನು ದಿನಾ ಒರೆಸುತ್ತಿದ್ದ ಅಕ್ಕ ಅದರಲ್ಲಿ ಕೂತದ್ದು ಅದೇ ಮೊದಲು.

"ನಿಮಗೆ ವಯಸ್ಸಾಯ್ತು, ನೆನಪು ಹೆಚ್ಚುಕಮ್ಮಿ ಆಗುತ್ತೆ," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆದರು. "ಒಂದೋ ಎರಡೋ ಸಲ ಹಾಕಿರ್ತೀರಿ."

"ಪ್ರತಿ ಸೋಮವಾರ ಸಾರ್. ಶುರುವಿಂದ."

"ಒಂದೋ ಎರಡೋ ಸಲ. ಅಷ್ಟರಿಂದ ಏನೂ ಆಗಲ್ಲ ಬಿಡಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಅಕ್ಕ ಕಂಡಿದ್ದಳು. ನಾಲ್ಕನೇ ಕಾಲನ್ನು ಕಣ್ಣೆದುರಿಗೆ ಹಿಡಿದು ತೋರಿಸಿದರೂ ಮೆಲ್ಲಗೆ ಅದನ್ನು ಮಡಚಿ ಒಳಗಿಡುವವರನ್ನು ಕಂಡಿರಲಿಲ್ಲ. ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣವನೇ ಎಂದು ಅವಳಿಗೆ ಅಸಹ್ಯವಾಯಿತು.

"ಆ ಹುಡುಗಿ ಪತ್ರ?" ಎಂದು ಕೇಳಿದಳು.

"ಕೊಡೋಣ, ಕೊಡೋಣ. ಅವಳನ್ನ ಕಳಿಸಿ."

ಚುಕ್ಕಿ ಒಳಗೆ ಹೋಗಿ ಅರ್ಧ ಗಂಟೆಯಾದ ಮೇಲೆ ಹೊರಗೆ ಬಂದಳು. ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು.

"ಪತ್ರ ಕೊಡ್ತಾರಂತೆ ಅಕ್ಕ."

"ನೋಡಿದ್ಯಾ! ನಿಜ ಹೇಳಿದ್ರೆ ಎಲ್ಲ ಸರಿಹೋಗುತ್ತೆ. ಇನ್ನು ನಡೆದದ್ದನ್ನ ನಡೆದ ಹಾಗೇ ಬರೆದುಬಿಡು. ನನ್ನ ತಪ್ಪನ್ನೂ ಬರಿ, ನಂಗೇನೂ ಬೇಜಾರಿಲ್ಲ."

"ನೋಡ್ತೀನಿ," ಎಂದಳು ಚುಕ್ಕಿ. ಮಾರನೇ ದಿನದಿಂದ ಅವಳು ಹತ್ತಕ್ಕೆ ಬರತೊಡಗಿದಳು. ಹೊಸ ಹುಳುಗಳಿಗೆ ಚುಕ್ಕಿ ಇಡಲಿಲ್ಲ. ಅಕ್ಕನೂ ತೊಟ್ಟಿಯ ಗೋಡೆಯ ಕಡೆ ಹೋಗಲಿಲ್ಲ. ಎಷ್ಟು ಸತ್ತರೂ ಹಾಗೇ ಬಿಟ್ಟಳು. ಮುಂದಿನ ಸೋಮವಾರದಿಂದ ಎಣಿಕೆಯೇ ನಿಂತುಹೋಯಿತು, ಈ ವರ್ಷಕ್ಕೆ ಇಷ್ಟು ಸಾಕೆಂದು ಪ್ರೊಫೆಸರ್ ಹೇಳಿದರಂತೆ.

ಕೊನೆಯ ದಿನ ಸಭಾಂಗಣ ತುಂಬಿತ್ತು. ಶಿಬಿರಕ್ಕೆ ಅನುದಾನ ಕೊಡುವ ಸಮಿತಿಯ ಮೂವರು ಮುಂದಿನ ಸಾಲಿನಲ್ಲಿ ಕೂತು ನಿದ್ದೆ ತಡೆಯುತ್ತಿದ್ದರು. ಅಕ್ಕ ಚಹಾದ ಟ್ರೇ ಹಿಡಿದು ಹಿಂದೆ ನಿಂತಿದ್ದಳು. ಐವರು ಏನೇನೋ ಓದಿ ಹೋದರು. ಆರನೆಯವಳಾಗಿ ಚುಕ್ಕಿ ವೇದಿಕೆ ಹತ್ತಿದಳು. ಈಗ ತನ್ನ ಮಾತು ಬರುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ನೋಡಲಿ ಎಂದು ಅಕ್ಕ ಸೆರಗು ಸರಿಮಾಡಿಕೊಂಡಳು.

ಚುಕ್ಕಿ ಓದಿದಳು. ಪುಡಿ ತಿಂದ ಬಸವನಹುಳುವಿನ ಚಿಪ್ಪು ಎಷ್ಟು ನುಣುಪಾಗುತ್ತದೆಂದರೆ ಅದರ ಮೇಲೆ ಉಗುರುಬಣ್ಣವೂ ನಿಲ್ಲುವುದಿಲ್ಲವಂತೆ. ಮೇಲಿನ ಸಾಲಿನ ಚುಕ್ಕಿಗಳು ಉಳಿದು ಕೆಳಗಿನ ಸಾಲಿನವು ಜಾರಿಹೋದದ್ದೇ ಅದಕ್ಕೆ ಸಾಕ್ಷಿಯಂತೆ. ದೀರ್ಘಾಯುಷ್ಯದ ಜೊತೆಗೆ ಈ ಪುಡಿಗೆ ಇನ್ನೊಂದು ಗುಣವೂ ಇದೆ ಎಂದು ಇದರಿಂದ ತಿಳಿದುಬರುತ್ತದಂತೆ. ದನಿ ಒಂದು ಕಡೆಯೂ ತಡವರಿಸಲಿಲ್ಲ. ಸಮಿತಿಯವರು ಎಚ್ಚರಾಗಿ ಚಪ್ಪಾಳೆ ತಟ್ಟಿದರು. ಪ್ರೊಫೆಸರ್ ಎದ್ದು ಬಂದು, "ಕುತೂಹಲ ಅಂದ್ರೆ ಇದು!" ಎಂದು ಹುಡುಗಿಯ ಕೈಗೆ ಮೊದಲ ಬಹುಮಾನವನ್ನೂ ಪತ್ರದ ಲಕೋಟೆಯನ್ನೂ ಇಟ್ಟರು. ಹಿಂದೆ ನಿಂತ ಅಕ್ಕನ ಟ್ರೇಯಲ್ಲಿ ಚಹಾ ತಣ್ಣಗಾಯಿತು.

ಎಲ್ಲ ಮುಗಿದು, ಅಕ್ಕ ಸಿಂಕಿನ ಮುಂದೆ ಲೋಟ ತೊಳೆಯುತ್ತಿದ್ದಾಗ ಚುಕ್ಕಿ ಬಂದಳು. ಕೈಯಲ್ಲಿ ತನ್ನ ವರದಿಯ ಒಂದು ಪ್ರತಿ. ಕೊನೆಯ ಪುಟ ತೆಗೆದು, ಬೆರಳಿಟ್ಟು ತೋರಿಸಿದಳು: 'ಹುಳುಗಳನ್ನು ಅಕ್ಕರೆಯಿಂದ ನೋಡಿಕೊಂಡ ವಿಭಾಗದ ಅಟೆಂಡರ್ ಅವರಿಗೆ ಹೃತ್ಪೂರ್ವಕ ಕೃತಜ್ಞತೆಗಳು.'

"ನಿಮ್ಮನ್ನ ಬಿಡಬಾರದು ಅಂತ ನಾನೇ ಹಟ ಮಾಡಿ ಸೇರಿಸಿದೆ ಅಕ್ಕ."

ಅಕ್ಕ ಓದಿದಳು. ಕೈ ಒರೆಸಿಕೊಂಡು ಇನ್ನೊಂದು ಸಲ ಓದಿದಳು.

"ಇದನ್ನ ಹೊಡೆದುಹಾಕು," ಎಂದಳು.

"ಯಾಕಕ್ಕ?"

"ನಾನು ಗೊತ್ತಿಲ್ಲದೆ ಮಾಡಿದ್ದು. ನೀನು ಗೊತ್ತಿದ್ದೂ ಮಾಡಿದೀಯ. ಇಬ್ಬರೂ ಒಂದೇ ಪುಸ್ತಕದಲ್ಲಿ ಇರೋದು ಬೇಡ."

"ನಂಗೆ ಬೇರೆ ದಾರಿ ಇರಲಿಲ್ಲ ಅಕ್ಕ. ನಿಮಗೇ ಗೊತ್ತಲ್ಲ, ನಮ್ಮ ಮನೆ ಹೇಗಿದೆ ಅಂತ."

"ಗೊತ್ತು. ಅದಕ್ಕೇ ನಾನು ಹೋಗಿ ಹೇಳಿದ್ದು," ಎಂದು ಅಕ್ಕ ಮತ್ತೆ ನಲ್ಲಿ ತಿರುಗಿಸಿದಳು.

ಹುಡುಗಿ ವರದಿಯನ್ನು ಗೋಡೆಗೆ ಆನಿಸಿ, ಪೆನ್ನು ತೆಗೆದು, ಆ ಒಂದು ಸಾಲನ್ನು ನೀಟಾಗಿ ಹೊಡೆದುಹಾಕಿದಳು. ಉಳಿದದ್ದನ್ನೆಲ್ಲ ಹಾಗೇ ಬಿಟ್ಟಳು.