ಬೆಳ್ಳಿಯ ಕರಡಿಗೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮರುಳಸಿದ್ದಯ್ಯ ಬಂದ ಅಂದರೆ ಹಮಾಲರೂ ದೂರ ಸರಿಯುತ್ತಾರೆ. ಆ ಸಿಟ್ಟೇ ನನ್ನ ಹೆಂಡತಿಯ ಎಡಗೈ ತಿಂದಿತು.

ಗಿರಿಜಾಂಬಿಕಾಗೆ ಸ್ಟ್ರೋಕ್ ಆದಾಗ ಹೊತ್ತಿಗೆ ಸರಿಯಾಗಿ ತುಮಕೂರಿನ ಆಸ್ಪತ್ರೆಗೆ ಮುಟ್ಟಿಸಿದ್ದೆ. ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ, ಮಿದುಳಿನಲ್ಲಿ ಸಿಕ್ಕಿಕೊಂಡಿದ್ದ ಹೆಪ್ಪುಗಟ್ಟಿದ ರಕ್ತವನ್ನು ಎಳೆದು ತೆಗೆದರು. ಮೂರನೆಯ ದಿನ ಅವಳು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿದಳು. ನಾನು ಅತ್ತೇಬಿಟ್ಟೆ.

ಡಾಕ್ಟರು ಕರೆದು ಹೇಳಿದರು. “ಹೆಪ್ಪೇನೋ ಬಂತು ಯಜಮಾನ್ರೇ. ಆದ್ರೆ ತೋಟದ ಡ್ರಿಪ್ ಪೈಪಿನೊಳಗೆ ಉಪ್ಪು ಕಟ್ಟಲ್ವಾ, ಹಂಗೆ ನಾಳದ ಗೋಡೇಲಿ ಏನಾದ್ರೂ ಕಟ್ಟಿದ್ರೆ ಅಲ್ಲೇ ಮತ್ತೆ ಹೆಪ್ಪು ಕೂರುತ್ತೆ. ಎಂಆರ್‌ಐ ಮಾಡಿ ಗೋಡೆ ನೋಡಿದ್ರೆ ಯಾವ ಮಾತ್ರೆ ಅಂತ ಗೊತ್ತಾಗುತ್ತೆ.”

ಸ್ಕ್ಯಾನ್ ಮಾಡುವ ಹುಡುಗಿ ಶಿಲ್ಪ ಬಾಗಿಲಲ್ಲೇ ತಡೆದಳು. “ಅಮ್ಮಾ, ಮೈಮೇಲೆ ಲೋಹ ಇರಬಾರ್ದು. ಕತ್ತಲ್ಲಿರೋದು ತೆಗೀರಿ.”

ಅದು ಲಿಂಗವಿಡುವ ಬೆಳ್ಳಿ ಕರಡಿಗೆ. ದೀಕ್ಷೆಯಾದಂದಿನಿಂದ ಲಿಂಗ ಅವಳ ಮೈ ಬಿಟ್ಟು ಅಗಲಿದ್ದಿಲ್ಲ. ಗಿರಿಜಾ ಕರಡಿಗೆಯನ್ನು ಬಿಗಿಹಿಡಿದು ನನ್ನ ಮುಖ ನೋಡಿದಳು.

“ಲಿಂಗ ಬಿಡ್ಸೋಕೆ ನೀನ್ಯಾವಳೇ?” ಹುಡುಗಿಯ ಮೇಲೆ ರೇಗಿದೆ.

“ಹಂಗಲ್ಲ ಸಾರ್, ಲಿಂಗ ಅಲ್ಲ, ಬರೀ…”

ಮಾತು ಮುಗಿಸಲು ನಾನು ಬಿಡಲಿಲ್ಲ. “ನಡೀ ಕಣೇ ಗಿರಿಜಾ. ಕೈ ಆಡ್ತೈತೆ, ಕಾಲು ಆಡ್ತೈತೆ. ಇನ್ನು ಗೋಡೆ ನೋಡಿ ಏನಾಗ್ಬೇಕು?” ನಮ್ಮದೇ ಜವಾಬ್ದಾರಿ ಅಂತ ಸಹಿ ಹಾಕಿ ಮನೆಗೆ ಕರೆತಂದೆ.

ಹತ್ತೊಂಬತ್ತನೆಯ ದಿನ ಕಾಯಿ ತುರಿಯುತ್ತಿದ್ದವಳು ಹಾಗೇ ಎಡಕ್ಕೆ ವಾಲಿದಳು. ನಾನು ಮಂಡಿಯಲ್ಲಿದ್ದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆಪ್ಪು ತೆಗೆಯುವ ಹೊತ್ತು ಮೀರಿತ್ತು. ಅದೇ ಬಾಗಿಲು, ಅದೇ ಶಿಲ್ಪ. ಹೆದರುತ್ತಲೇ ಅಂದಳು, “ಸಾರ್, ಒಳಗಿರೋದು ಕಲ್ಲಲ್ವಾ? ಬಟ್ಟೇಲಿ ಸುತ್ತಿ ತೋಳಿಗೆ ಕಟ್ಟಿ. ಕರಡಿಗೆ ಮಾತ್ರ ನೀವಿಟ್ಕಳಿ. ಅವತ್ತೂ ಅದನ್ನೇ ಹೇಳಕ್ಕೆ ಬಂದೆ.”

ನನ್ನ ಕರವಸ್ತ್ರದಲ್ಲಿ ಕಟ್ಟಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಅವ್ವ ಬದುಕಿದ್ದಷ್ಟು ದಿನವೂ ಲಿಂಗವನ್ನು ಬಿಳಿ ಬಟ್ಟೆಯಲ್ಲೇ ಕಟ್ಟಿಕೊಂಡಿದ್ದಳು. ಮದುವೆಯಲ್ಲಿ ಗಿರಿಜಾಗೆ ಬೆಳ್ಳಿಯದನ್ನು ಮಾಡಿಸಿ ಹಾಕಿದವನು ನಾನು, ನನ್ನ ಜಂಬಕ್ಕೆ.

ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿತ್ತು. ಮೊದಲೇ ನೋಡಿದ್ದರೆ ತಪ್ಪುತ್ತಿತ್ತೇ ಎಂದು ಕೇಳಿದೆ. “ತಪ್ಪಬೋದಿತ್ತು. ಖಂಡಿತ ಅಂತ ಹೇಳಕ್ಕಾಗಲ್ಲ,” ಅಂದರು ಡಾಕ್ಟರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಈಗ ಅವಳ ಎಡ ಅಂಗೈಯಲ್ಲಿ ಲಿಂಗ ನಿಲ್ಲುವುದಿಲ್ಲ. ದಿನಾ ಬೆಳಿಗ್ಗೆ ಆ ಕೈಯ ಕೆಳಗೆ ನನ್ನ ಕೈ ಕೊಡುತ್ತೇನೆ. ಬಲಗೈಯಿಂದ ವಿಭೂತಿ ಹಚ್ಚಿ ಪತ್ರೆ ಏರಿಸುತ್ತಾಳೆ. ಒಂದು ದಿನವೂ ನನ್ನನ್ನು ಬೈದಿಲ್ಲ. ನಿನ್ನೆ ಮಾತ್ರ, ತಲೆ ಎತ್ತದೆ ಅಂದಳು.

“ಆ ಹುಡುಗಿ ಏನೋ ಹೇಳಕ್ಕೆ ಬಂದಿತ್ತು ಕಣ್ರೀ ಅವತ್ತು. ಏನವ್ವಾ ಅಂತ ಕೇಳಾಣ ಅನ್ಕಂಡೆ. ನೀವು ರೇಗ್ತೀರ ಅಂತ ಸುಮ್ಕಾದೆ.”

ಪೂಜೆ ಮುಗಿಯುವವರೆಗೂ ನಾನು ಕೈ ಅಲುಗಿಸಲಿಲ್ಲ.